ಹರ್ಷಿತಾಳ ಮಧುಗಿರಿ ಕಣ್ಣು

ಇಲ್ಲ ಇಲ್ಲ, ಅದಲ್ಲ, ಅದು ಶಿರಾ ಕಡೆ ಹೋಗುವ ಬಸ್ಸು. ನಾನು ಹೇಳುತ್ತಿದ್ದದ್ದು ಪಾವಗಡ ಬಿಟ್ಟು, ಮಿಡಿಗೇಶಿ ಮೇಲೆ ಮಧುಗಿರಿಗೆ ಬಂದು, ಆಮೇಲೆ ಕೊರಟಗೆರೆ ಮುಟ್ಟುವ ಹಸಿರು ಬಸ್ಸಿನ ಬಗ್ಗೆ. ಅದರ ಕಂಡಕ್ಟರ್ ಭೀಮರಾಜಣ್ಣನ ಬಗ್ಗೆ. ಒಂದು ಸಲ ಅವರ ದನಿ ಕೇಳಿಬಿಟ್ಟರೆ ಮುಗಿಯಿತು, ಬೇರೆ ಬಸ್ಸು ಹತ್ತಲು ಮನಸ್ಸೇ ಬರುವುದಿಲ್ಲ. ಮಿಡಿಗೇಶಿಯಿಂದ ಮಧುಗಿರಿ ಕಾಲೇಜಿಗೆ ಹೋಗುವ ನಮ್ಮ ಗುಂಪು ಪೂರ್ತಿ ಅವರ ಅಭಿಮಾನಿ ಬಳಗ ಅಂತಲೇ ಇಟ್ಟುಕೊಳ್ಳಿ. ಬಸ್ಸು ಇನ್ನೂ ತಿರುವಿನಲ್ಲಿ ಇರುವಾಗಲೇ "ಮಧುಗ್ರಿ ಮಧುಗ್ರಿ ಮಧುಗ್ರೀ... ಕೊರಟ್ಗೆರೇ!" ಅಂತ ಕೇಳಿಸುತ್ತದೆ. ಹಿಂದಿನ ಸೀಟಿನಲ್ಲಿ ಯಾರಾದರೂ ನಿದ್ದೆ ಹೊಡೆಯುತ್ತಿದ್ದರೆ ಅವರ ಕಿವಿಯ ಹತ್ತಿರ ಬಗ್ಗಿ, "ಏಳಪ್ಪೋ ಇಂಜಿನಿಯರ್ರೇ, ಮಧುಗ್ರಿ ಬಂತು. ಉಳಿದ್ ಕನಸ ನಾಳಿಕ್ ಬಂದು ನೋಡೀವಂತೆ" ಅನ್ನುತ್ತಾರೆ. ಬಯ್ದರೂ ನಗು ಬರುತ್ತದೆ.

ಆ ದನಿ ಎರಡು ವರ್ಷದ ಹಿಂದೆ ಒಮ್ಮೆ ಬಸ್ಸಿನಲ್ಲಿ ನಿಂತೇಹೋಗಿತ್ತು. ಭೀಮರಾಜಣ್ಣ ಬರುತ್ತಿದ್ದರು, ಟಿಕೆಟ್ ಹರಿಯುತ್ತಿದ್ದರು, ಸುಮ್ಮನೆ ಸೀಟಿಯೂದಿ ಮುಂದೆ ಹೋಗುತ್ತಿದ್ದರು. ಊರಿನ ಹೆಸರು ಕೂಗುತ್ತಿರಲಿಲ್ಲ. ಯಾಕೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಆಮೇಲೆ ಅವರೂ ಹೇಳಿದರು, ಅವರ ಹೆಂಡತಿ ವೇದಾವತಕ್ಕನೂ ಹೇಳಿದರು, ಡ್ರೈವರ್ ಬೈರಪ್ಪನವರಂತೂ ಸ್ಟೇರಿಂಗ್ ತಿರುಗಿಸಿಕೊಂಡೇ ಅರ್ಧ ಕಥೆ ಹೇಳಿದರು. ಎಲ್ಲ ಸೇರಿಸಿ ಹೇಳುತ್ತೇನೆ, ಕೇಳಿ.

ಎಲ್ಲ ಶುರುವಾಗಿದ್ದೇ ಬೈರಪ್ಪನವರ ಮೊಬೈಲಿನಿಂದ.

ಭೀಮರಾಜಣ್ಣನ ಮನೆ ಪಾವಗಡದಲ್ಲಿ, ಬೆಟ್ಟದ ಬುಡದ ಬೀದಿಯಲ್ಲಿ. ಗಂಡ, ಹೆಂಡತಿ, ಗಂಡನ ತಾಯಿ ಚಿಕ್ಕಹನುಮಕ್ಕ, ಅಷ್ಟೇ ಜನ. ಮದುವೆಯಾಗಿ ತುಂಬ ವರ್ಷದ ಮೇಲೆ ಹುಟ್ಟಿದ ಕೂಸು ಹರ್ಷಿತಾ. ನಾಮಕರಣದ ದಿನ ಬೈರಪ್ಪನವರು ತೊಟ್ಟಿಲ ಮೇಲೆ ಬಗ್ಗಿ ಫ್ಲಾಶ್ ಹಾಕಿ ಫೋಟೋ ತೆಗೆದರು. ತೆಗೆದವರು ಮೊಬೈಲನ್ನು ಒಂದೆರಡು ಸಲ ಅಂಗೈಗೆ ಬಡಿದರು.

"ಲೇ ಭೀಮ, ಇದು ಕೆಟ್ಟೋಗೈತೆ ಕಣ್ಲಾ. ನೋಡ್ಲಾ ಇಲ್ಲಿ, ಕೂಸಿಂದು ಒಂದ್ ಕಣ್ಣು ಕೆಂಪಗೆ ಬಂದೈತೆ, ಇನ್ನೊಂದು ಬೆಳ್ಳಗೆ ಬಂದೈತೆ."

"ನಿನ್ ಮಕ ತೆಗದ್ಬುಟ್ಟು ಗಾಬರಿಯಾಗೈತೆ ಅದು. ಬುಡು" ಅಂದರು ಭೀಮರಾಜಣ್ಣ.

ಬೈರಪ್ಪನವರು ಇನ್ನೊಂದು ತೆಗೆದರು. ಅದೂ ಹಾಗೇ. ಪಕ್ಕದಲ್ಲಿ ಯಾರದೋ ಮಗು ಇತ್ತು, ಅದರದ್ದೂ ತೆಗೆದರು. ಅದಕ್ಕೆ ಎರಡೂ ಕೆಂಪಗೇ ಬಂದವು. ಆಗ ವೇದಾವತಕ್ಕ ಆ ಮೊಬೈಲನ್ನು ಕೈಗೆ ತೆಗೆದುಕೊಂಡು ಒಂದು ನಿಮಿಷ ನೋಡಿದರು. ನೆಂಟರು ಊಟ ಮಾಡಿ ಎದ್ದು ಹೋಗುವವರೆಗೆ ಬಡಿಸುತ್ತಲೇ ಇದ್ದರು. ಮಾರನೇ ಬೆಳಿಗ್ಗೆ ಗಂಡನನ್ನು ಬಸ್ಸಿಗೆ ಹೋಗಲು ಬಿಡಲಿಲ್ಲ. "ಮೊದ್ಲು ಆಸ್ಪತ್ರೆಗೆ ನಡೀರಿ" ಅಂದರು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಎಡಗಣ್ಣಿನಲ್ಲಿ ಪೊರೆ ಇದೆ ಅಂದರು. ಹುಟ್ಟುವಾಗಲೇ ಬಂದದ್ದು.

"ಪೊರೆ ಮುದುಕ್ರಿಗಲ್ವಾ ಸಾರ್ ಬರೋದು?" ಅಂತ ಕೇಳಿದರಂತೆ ವೇದಾವತಕ್ಕ. ಎಲ್ಲರೂ ಇದನ್ನೇ ಕೇಳುತ್ತಾರಂತೆ.

ಮನೆಗೆ ಬಂದು ಹೇಳಿದರೆ ಚಿಕ್ಕಹನುಮಕ್ಕನಿಗೆ ಅಷ್ಟೇನೂ ಭಯವಾಗಲಿಲ್ಲ. ಅವರಿಗೂ ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು. "ಅದ್ಕ್ಯಾಕ್ಲಾ ಇಂಗ್ ಮಕ ಮಾಡ್ಕಂಡಿದೀಯ? ನಂಗೂ ತೆಗುದ್ರಲ್ಲ. ಕಣ್ಣಿಗ್ ಬಟ್ಟೆ ಕಟ್ಟುದ್ರು, ಬಿಚ್ಚುದ್ರು, ಮನೇಗ್ ಬಂದು ಟೀವಿ ನೋಡ್ದೆ. ನಮ್ ಬಂಗಾರೂ ಅಂಗೇ ನೋಡ್ತಾಳೆ" ಅಂದರು.

ಆದರೆ ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಬೇರೆಯೇ ಮಾತು. ಅಲ್ಲಿ ಮಕ್ಕಳ ಕಣ್ಣಿನ ವಿಭಾಗದಲ್ಲಿ ಸಿಸ್ಟರ್ ಒಬ್ಬರಿದ್ದರು, ಹೆಸರು ಅತಿಯಾ. ಶಿರಾದವರು. ನಮ್ಮ ಕಡೆ ಮಾತು ಕೇಳಿದ ತಕ್ಷಣ "ನೀವು ಪಾವಗಡದವ್ರಾ ಅಣ್ಣಾ? ನಾನು ಶಿರಾದೋಳು" ಅಂತ ತಾವಾಗಿಯೇ ಹತ್ತಿರ ಬಂದರಂತೆ. ಡಾಕ್ಟರು ಇಂಗ್ಲಿಷು ಬೆರೆಸಿ ಹೇಳಿದ್ದನ್ನು ಅವರೇ ಬಿಡಿಸಿ ಹೇಳಿದರು.

"ಅಜ್ಜಿಗೆ ಪೊರೆ ಬರೋಕ್ ಮುಂಚೆ ಕಣ್ಣು ನೋಡೋದು ಕಲ್ತಿತ್ತು ಅಣ್ಣಾ. ಪೊರೆ ತೆಗುದ್ರು, ಮತ್ತೆ ಕಾಣ್ತು. ಪಾಪು ಕಣ್ಣು ಇನ್ನೂ ಏನೂ ನೋಡೇ ಇಲ್ಲ. ಅದಕ್ಕೆ ನೋಡೋದೇ ಗೊತ್ತಿಲ್ಲ. ಪೊರೆ ತೆಗಿಯೋದು ಡಾಕ್ಟ್ರು ಕೆಲಸ. ನೋಡೋದು ಕಲಿಸೋದು ನಿಮ್ ಕೆಲಸ. ಈ ವಯಸ್ಸಲ್ಲೇ ಕಲೀಬೇಕು, ದಾಟ್ಬಿಟ್ರೆ ಆ ಕಣ್ಣು ಆಮೇಲೆ ಕಲಿಯಲ್ಲ."

ಅಂದರೆ ಆಪರೇಷನ್ ಆದರೂ ಕಣ್ಣು ಹೋಗಬಹುದು. ಈ ಮಾತು ಕೇಳಿದ ಮೇಲೇ ಭೀಮರಾಜಣ್ಣನ ಕೂಗು ನಿಂತಿದ್ದು. "ಬಾಯಿ ತೆಗುದ್ರೆ ಅಳು ಬಂದ್ಬುಡ್ತದೆ ಅಂತ ಸೀಟಿ ಊದ್ಕಂಡಿದ್ದೆ ಕಣಪ್ಪ" ಅಂತ ಅವರು ನನಗೆ ಹೇಳಿದ್ದು ಎಷ್ಟೋ ದಿನ ಆದ ಮೇಲೆ.

ಈಗ ಚಿಕ್ಕಹನುಮಕ್ಕನ ಒಂದು ರೂಢಿ ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಮನೆಯಲ್ಲಿ ಕೆಟ್ಟದ್ದನ್ನು ಕೆಟ್ಟದ್ದು ಅಂತ ಬಾಯಲ್ಲಿ ಹೇಳುವ ಹಾಗಿಲ್ಲ. ಬಳೆ ಒಡೆಯಿತು ಅನ್ನಬಾರದು, ಬಳೆ ಹೆಚ್ಚಿತು ಅನ್ನಬೇಕು. ಅಕ್ಕಿ ಮುಗಿಯಿತು ಅನ್ನಬಾರದು, ಅಕ್ಕಿ ಹೆಚ್ಚೈತೆ ಅನ್ನಬೇಕು. ದೀಪ ಆರಿಸು ಅಂದರೆ ಬೆನ್ನಿಗೆ ಬೀಳುತ್ತದೆ, ದೀಪ ದೊಡ್ಡದು ಮಾಡು ಅನ್ನಬೇಕು. ನಮ್ಮ ಕಡೆ ಹಳಬರ ಮನೆಗಳಲ್ಲಿ ಇದು ಇದ್ದದ್ದೇ, ಆದರೆ ಈ ಅಜ್ಜಿಯದು ಸ್ವಲ್ಪ ಜಾಸ್ತಿ. ಕೂಸನ್ನು ನೋಡಲು ಬಂದ ಪಕ್ಕದ ಬೀದಿಯ ಹೆಂಗಸೊಬ್ಬರು ಬಾಯಿ ತಪ್ಪಿ, "ಕೆಟ್ಟಿರೋ ಕಣ್ಣು ಯಾವುದವ್ವಾ?" ಅಂದುಬಿಟ್ಟರು. ಅಜ್ಜಿ ಎದ್ದು ನಿಂತರಂತೆ.

"ಕೆಟ್ ಕಣ್ಣಾ? ಕೆಟ್ ಕಣ್ಣು ಅಂದ್ರೆ ಬೀದೀಲಿ ಹೋಗೋರ್ ಕಣ್ಣು ಕಣಮ್ಮ. ನಮ್ ಕೂಸಿಂದು ಒಳ್ಳೆ ಕಣ್ಣು. ಇನ್ ಮೇಲೆ ಈ ಮನೇಲಿ ಅದುನ್ನ ಒಳ್ಳೆ ಕಣ್ಣು ಅಂತ್ಲೇ ಅನ್ಬೇಕು. ಇನ್ನೊಂದ್ ಮಾತು ಬಂದ್ರೆ ನೋಡ್ರಿ ಮತ್ತೆ!"

ಅವತ್ತಿನಿಂದ ಪೊರೆ ಇದ್ದ ಎಡಗಣ್ಣಿಗೆ ಮನೆಯಲ್ಲಿ ಒಳ್ಳೆ ಕಣ್ಣು ಅಂತಲೇ ಹೆಸರಾಯಿತು. "ಒಳ್ಳೆ ಕಣ್ಣಿಗ್ ಡ್ರಾಪ್ಸ್ ಹಾಕ್ದಾ?" "ಒಳ್ಳೆ ಕಣ್ಣಲ್ ನೀರ್ ಬತ್ತಾ ಐತೆ." ಗಂಡ ಹೆಂಡತಿ ಇಬ್ಬರೇ ಇದ್ದಾಗಲೂ ಹಾಗೇ ಅಂದುಕೊಳ್ಳುತ್ತಿದ್ದರು. ಅನ್ನುತ್ತಾ ಅನ್ನುತ್ತಾ ಅದು ನಿಜಕ್ಕೂ ಒಳ್ಳೆಯದಾಗಿಬಿಡುತ್ತದೆ ಅನ್ನಿಸುತ್ತಿತ್ತು ಅಂತ ವೇದಾವತಕ್ಕ ಹೇಳುತ್ತಾರೆ.

ಆಪರೇಷನ್ ದಿನ ಬೆಳಿಗ್ಗೆ ಕೂಸಿಗೆ ಹಾಲು ಕೊಡಬಾರದು ಅಂತ ಹೇಳಿದ್ದರು. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು. ದೊಡ್ಡವರಾದರೆ ಹೇಳಿ ಸಮಾಧಾನ ಮಾಡಬಹುದು, ಹಾಲು ಬಿಟ್ಟು ಬೇರೇನೂ ಗೊತ್ತಿಲ್ಲದ ಹಸುಗೂಸಿಗೆ ಏನಂತ ಹೇಳುವುದು? ಅಮ್ಮನ ವಾಸನೆ ಬಂದರೆ ಸಾಕು, ಎದೆಗೆ ಬಾಯಿ ಹಾಕುತ್ತಿತ್ತು. ವೇದಾವತಕ್ಕನ ಕುಪ್ಪಸವೆಲ್ಲ ಒದ್ದೆ. ಕೊನೆಗೆ ಅವರೇ, "ನೀವ್ ಎತ್ಕಳ್ರಿ, ನಾನಿದ್ರೆ ಅವ್ಳು ಅಳೋದ್ ನಿಲ್ಸಲ್ಲ" ಅಂತ ಕೂಸನ್ನು ಗಂಡನ ಕೈಗೆ ಕೊಟ್ಟು, ಮೆಟ್ಟಿಲ ಹತ್ತಿರ ಹೋಗಿ ಗೋಡೆ ಕಡೆ ಮುಖ ಮಾಡಿ ಕುಳಿತರು. ಅಳು ಮಾತ್ರ ಅಲ್ಲಿಗೂ ಕೇಳಿಸುತ್ತಿತ್ತು.

ಭೀಮರಾಜಣ್ಣ ಕಾರಿಡಾರಿನ ಆ ತುದಿಗೂ ಈ ತುದಿಗೂ ಓಡಾಡಿದರು. ಗಿಲಕಿ ಆಡಿಸಿದರು. ಗಡ್ಡ ಎಳೆಯಲು ಕೊಟ್ಟರು. ಯಾವುದಕ್ಕೂ ಬಗ್ಗಲಿಲ್ಲ. ಜೋಗುಳ ಹಾಡಲು ಅವರಿಗೆ ಒಂದೂ ಬರುವುದಿಲ್ಲ. ಬಾಯಿಗೆ ಬರುವುದು ಒಂದೇ. ಕೂಸಿನ ಕಿವಿಯ ಹತ್ತಿರ ಮೆಲ್ಲಗೆ ಶುರು ಮಾಡಿದರು:

"ಪಾವಗಡಾ... ಮಿಡಿಗೇಶೀ... ಮಧುಗ್ರಿ ಮಧುಗ್ರಿ ಮಧುಗ್ರೀ... ಕೊರಟ್ಗೆರೇ..."

ಕೂಸು ಬಿಕ್ಕಳಿಸಿ ನಿಲ್ಲಿಸಿತು. ಮತ್ತೆ ಅತ್ತಿತು. ಅವರು ಬಸ್ಸು ತಿರುಗಿಸಿದರು. "ಕೊರಟ್ಗೆರೇ... ಮಧುಗ್ರೀ..." ಹೀಗೆ ಹೋಗಿ ಬಂದು, ಹೋಗಿ ಬಂದು, ಅತಿಯಾ ಸಿಸ್ಟರ್ ಬಾಗಿಲು ತೆಗೆದು ಕರೆಯುವಷ್ಟರಲ್ಲಿ ಕೂಸು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. ಕಾರಿಡಾರಿನ ಬೆಂಚುಗಳಲ್ಲಿದ್ದ ಜನರೆಲ್ಲ ಅವರನ್ನೇ ನೋಡುತ್ತಿದ್ದರು. ಒಬ್ಬ ಯಜಮಾನರು, "ನಮ್ ಗುಬ್ಬಿಗೂ ಹೋಯ್ತದೇನಪ್ಪಾ ನಿಮ್ ಬಸ್ಸು?" ಅಂತ ಕೇಳಿದರಂತೆ. ಅಂಥ ಹೊತ್ತಿನಲ್ಲೂ ನಗು ಬಂತು ಅಂತಾರೆ.

ಕೂಸನ್ನು ಕೈ ಬದಲಾಯಿಸುವಾಗ "ಕರ್ಕೊಂಡೋಗಿ" ಅನ್ನಲು ಬಾಯಿ ಬರಲಿಲ್ಲ. ಅವರೂ ಅದೇ ತಾಯಿಯ ಮಗನಲ್ಲವೇ. "ಕರ್ಕೊಂಡ್ ಬರ್ರಮ್ಮಾ" ಅಂದರು. ಅತಿಯಾ ಸಿಸ್ಟರ್‌ಗೆ ತಕ್ಷಣ ಅರ್ಥವಾಯಿತು. "ಬರ್ತೀವಿ ಅಣ್ಣಾ. ಇಬ್ರೂ ಬರ್ತೀವಿ" ಅಂದರು.

ಬಂದರು. ಎಡಗಣ್ಣಿಗೆ ದಪ್ಪ ಪಟ್ಟಿ ಅಂಟಿಸಿದ್ದರು. ವೇದಾವತಕ್ಕ ಹಾಲು ಕೊಡಬಹುದು ಅಂತ ಹೇಳಿಸಿಕೊಳ್ಳುವವರೆಗೆ ಕಾದು, ಹೇಳಿದ ಕೂಡಲೇ ಸೆರಗು ಮುಚ್ಚಿಕೊಂಡು ಕುಳಿತರು. ಕೂಸು ಕುಡಿಯುವ ಸದ್ದು ಕೇಳಿದ ಮೇಲೆ ಭೀಮರಾಜಣ್ಣ ಹೊರಗೆ ಹೋಗಿ ಬೈರಪ್ಪನವರಿಗೆ ಫೋನ್ ಮಾಡಿದರು. ಹಲೋ ಅನ್ನುವಷ್ಟರಲ್ಲೇ ಅಳು ಬಂತು. ಆ ಕಡೆಯಿಂದ ಬೈರಪ್ಪನವರೇ, "ಆಯ್ತಾ? ಆಯ್ತು ಬುಡ್ಲಾ, ಅಳು. ನಾನೂ ಗಾಡಿ ಸೈಡಿಗೆ ಹಾಕಿವ್ನಿ" ಅಂದರಂತೆ.

ಮರುದಿನ ಪಟ್ಟಿ ಬಿಚ್ಚಿದರು. ಡ್ರಾಪ್ಸು ಕೊಟ್ಟು ಕಳಿಸಿದರು. ಮತ್ತೆ ತೋರಿಸಲು ಹೋದಾಗ ಪುಟ್ಟ ಕನ್ನಡಕ ಕೊಟ್ಟರು, ಬೆಲ್ಟಿನ ಹಾಗೆ ತಲೆಯ ಹಿಂದಕ್ಕೆ ಸಿಕ್ಕಿಸುವುದು. ಜೊತೆಗೆ ಅಂಟಿಸುವ ಪಟ್ಟಿಗಳ ಒಂದು ಪೊಟ್ಟಣ. ಅವತ್ತು ಹೊರಗೆ ದೊಡ್ಡ ಸಾಲು, ಕೂಸು ಹೆಗಲ ಮೇಲೆ ನಿದ್ದೆ. ಅತಿಯಾ ಸಿಸ್ಟರ್ ಪೊಟ್ಟಣ ಕೈಗಿಡುತ್ತಾ ಹೇಳಿದರು:

"ಅಣ್ಣಾ, ಅಕ್ಕಾ, ಇದೇ ಮುಖ್ಯ. ದಿನಾ ಕನ್ನಡಕ ಹಾಕಿ. ಪಾಪು ಎಚ್ಚರ ಇರೋ ಹೊತ್ತಲ್ಲಿ ಅರ್ಧ ಹೊತ್ತು ಒಳ್ಳೆ ಕಣ್ಣಿಗೆ ಪಟ್ಟಿ ಹಾಕಿ. ಮರೀಬೇಡಿ. ಒಳ್ಳೆ ಕಣ್ಣಿಗೆ."

"ಒಳ್ಳೆ ಕಣ್ಣಿಗೇ ಹಾಕ್ತೀವಿ ಮೇಡಂ" ಅಂದರು ಇಬ್ಬರೂ.

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಆದರೆ ಅವರಿಗೆ ಹೇಗೆ ಗೊತ್ತಾಗಬೇಕು? ಆಪರೇಷನ್ ಆದ ಕಣ್ಣಿಗೆ ಪಟ್ಟಿ ಹಾಕುವುದು, ಅಂದರೆ ಹುಷಾರಾಗಿ ಕಾಪಾಡುವುದು. ಆಸ್ಪತ್ರೆಯವರೇ ಮೊದಲ ದಿನ ಹಾಗೆ ಹಾಕಿದ್ದರು. ಅಜ್ಜಿಗೂ ಕ್ಯಾಂಪಿನಲ್ಲಿ ಹಾಗೇ ಹಾಕಿದ್ದರು. ಊರಿಗೆ ಬಂದು, ಎಡಗಣ್ಣಿಗೆ, ಅಂದರೆ ಮನೆಯವರ ಒಳ್ಳೆ ಕಣ್ಣಿಗೆ, ದಿನಾ ತಪ್ಪದೆ ಪಟ್ಟಿ ಹಾಕಿದರು. ಎಷ್ಟು ಶ್ರದ್ಧೆ ಅಂದರೆ, ಹೇಳಿದ್ದು ಅರ್ಧ ಹೊತ್ತಾದರೆ ಇವರು ಇನ್ನೂ ಸ್ವಲ್ಪ ಜಾಸ್ತಿಯೇ ಹಾಕಿದರು. ಕೂಸು ಪಟ್ಟಿ ಹಾಕಿಕೊಂಡು ಕೈಕಾಲು ಆಡಿಸಿಕೊಂಡು ನಗುತ್ತಿತ್ತು. ಅಜ್ಜಿ ದೃಷ್ಟಿ ತೆಗೆದು, "ನೋಡ್ರೇ, ಎಂಗ್ ಒಪ್ಕಂಡವ್ಳೆ ನನ್ ತಾಯಿ" ಅಂತ ಊರಿಗೆಲ್ಲ ತೋರಿಸಿದರು. ಬಸ್ಸಿನಲ್ಲಿ ದನಿ ವಾಪಸ್ಸು ಬಂತು. "ಮಧುಗ್ರಿ ಮಧುಗ್ರೀ!" ಅಂತ ಮೊದಲ ಸಲ ಕೂಗಿದ ದಿನ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಏನಕ್ಕೆ ತಟ್ಟುತ್ತಿದ್ದೇವೆ ಅಂತ ಗೊತ್ತಿಲ್ಲದೇ ತಟ್ಟಿದೆವು.

ಹೀಗೇ ವಾರಗಳು ಹೋದವು.

ಒಂದು ಮಧ್ಯಾಹ್ನ ಅತಿಯಾ ಸಿಸ್ಟರ್ ಫೋನ್ ಮಾಡಿದರು. ಮುಂದಿನ ಸಲ ಯಾವಾಗ ಬರಬೇಕು ಅಂತ ಹೇಳಲು ಮಾಡಿದ್ದು. ಮಾತಿನ ಮಧ್ಯೆ ಕೇಳಿದರು.

"ಪಟ್ಟಿ ಹಾಕ್ತಿದೀರಾ ಅಕ್ಕಾ? ಒಳ್ಳೆ ಕಣ್ಣಿಗೇ ತಾನೇ?"

"ಹೂಂ ಮೇಡಂ, ಒಂದ್ ದಿನಾನೂ ತಪ್ಸಿಲ್ಲ" ಅಂದರು ವೇದಾವತಕ್ಕ.

"ಪಾಪ, ತುಂಬಾ ಅಳ್ತಾ ಇರ್ಬೇಕು ಅಲ್ವಾ?"

"ಇಲ್ಲ ಮೇಡಂ! ಒಂದ್ ಚೂರೂ ಅಳಲ್ಲ. ನಗ್ತಾ ಆಡ್ತಾಳೆ."

ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಅಂತ ವೇದಾವತಕ್ಕ "ಹಲೋ ಹಲೋ" ಅಂದರು.

"ಅಳೋದೇ ಇಲ್ವಾ ಅಕ್ಕಾ?"

"ಇಲ್ವಲ್ಲ. ಯಾಕೆ ಮೇಡಂ?"

"ಒಂದ್ಸಲ ವಿಡಿಯೋ ಕಾಲ್ ಮಾಡ್ತೀನಿ. ಪಾಪು ಮುಖ ತೋರ್ಸಿ."

ತೋರಿಸಿದರು. ಅತಿಯಾ ಸಿಸ್ಟರ್ "ಯಾ ಅಲ್ಲಾ" ಅಂದಿದ್ದು ಅಡುಗೆಮನೆಯಲ್ಲಿದ್ದ ಅಜ್ಜಿಗೂ ಕೇಳಿಸಿತು. ಆಮೇಲೆ ಅವರು ಬಹಳ ನಿಧಾನವಾಗಿ, ಗದರದೆ ಹೇಳಿದರು. ಪಟ್ಟಿ ಹಾಕಬೇಕಾದದ್ದು ಚೆನ್ನಾಗಿ ಕಾಣುವ ಕಣ್ಣಿಗೆ. ಅದನ್ನು ಮುಚ್ಚಿದರೆ ಮಾತ್ರ ಇನ್ನೊಂದು ಕಣ್ಣು ಕೆಲಸಕ್ಕೆ ಇಳಿಯುತ್ತದೆ. ಇಷ್ಟು ದಿನ ಕಲಿಯಬೇಕಾದ ಕಣ್ಣನ್ನೇ ಮುಚ್ಚಿದ್ದಾರೆ. ಕೂಸು ಕಾಣುವ ಕಣ್ಣಿನಲ್ಲಿ ನೋಡಿಕೊಂಡು ಹಾಯಾಗಿತ್ತು, ಅದಕ್ಕೇ ಅಳಲಿಲ್ಲ.

"ಆದ್ರೆ ನೀವೇ ಅಂದ್ರಲ್ಲ ಮೇಡಂ, ಒಳ್ಳೆ ಕಣ್ಣಿಗೆ ಅಂತ..." ಅಂದವರು ವೇದಾವತಕ್ಕ ಅಲ್ಲಿಗೇ ನಿಲ್ಲಿಸಿದರು. ಅವರಿಗೆ ಗೊತ್ತಾಗಿಹೋಯಿತು.

ಭೀಮರಾಜಣ್ಣ ಸಂಜೆ ಬಂದಾಗ ಮನೆಯಲ್ಲಿ ಮೂವರೂ ಕುಳಿತಿದ್ದ ರೀತಿ ನೋಡಿಯೇ ಅವರಿಗೆ ಏನೋ ಆಗಿದೆ ಅಂತ ಗೊತ್ತಾಯಿತು. ವಿಷಯ ಕೇಳಿ ಬಾಗಿಲ ಹೊಸ್ತಿಲ ಮೇಲೇ ಕುಳಿತರು. ಯಾರನ್ನು ಬಯ್ಯುವುದು? ಅಜ್ಜಿ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಕೊನೆಗೆ ಅವರೇ ಮಾತಾಡಿದರು.

"ನನ್ ನಾಲ್ಗೆಯಿಂದ ಆಯ್ತು ಕಣ್ಲಾ. ಒಳ್ಳೇದಾಗ್ಲಿ ಅಂತ ಅಂದ್ರೆ ಇಂಗಾಗ್ಬುಡ್ತು."

"ಅತ್ತೆ, ನೀವ್ ಸುಮ್ಕಿರ್ರಿ" ಅಂದರು ವೇದಾವತಕ್ಕ. "ಹೆತ್ತೋಳು ನಾನು. ಅಳ್ದೇ ಇರೋ ಮಗೂನ ನೋಡಿ ನಂಗೆ ಅನುಮಾನ ಬರ್ಬೇಕಿತ್ತು. ಈಗ ಅದ್ನೆಲ್ಲಾ ಬುಡಿ. ಮೇಡಂ ಇನ್ನೂ ಟೈಮೈತೆ ಅಂದವ್ರೆ. ಕೈ ಬುಡ್ಬೇಡಿ ಅಂದವ್ರೆ."

"ಟೈಮೈತಾ?" ಅಂತ ಭೀಮರಾಜಣ್ಣ ಮತ್ತೆ ಮತ್ತೆ ಕೇಳಿದರಂತೆ. "ಐತೆ ಅಂದ್ರಾ? ಏನಂದ್ರು ಸರ್ಯಾಗ್ ಹೇಳು."

ಇನ್ನು ಮುಂದೆ ಆ ಎರಡು ಕಣ್ಣುಗಳನ್ನು ಏನೆಂದು ಕರೆಯುವುದು? ಒಳ್ಳೆ ಕಣ್ಣು ಅಂದರೆ ಮತ್ತೆ ಗೊಂದಲ. ಕೆಟ್ಟದ್ದು ಅಂತ ಅನ್ನಲು ಈಗಲೂ ಅಜ್ಜಿ ಬಿಡುವುದಿಲ್ಲ, ನಿಜ ಹೇಳಬೇಕೆಂದರೆ ಉಳಿದವರಿಗೂ ಬಾಯಿ ಬರುವುದಿಲ್ಲ. ಎಡ ಬಲ ಅಂದರೆ ಎದುರಿಗೆ ನಿಂತವರಿಗೆ ತಿರುವುಮುರುವು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ಇದನ್ನು ಹೇಳಿಕೊಂಡಾಗ ಬೈರಪ್ಪನವರು ಬಸ್ಸಿನ ಬೋರ್ಡು ತೋರಿಸಿದರು.

"ನಾವ್ ಎಲ್ಲಿಂದ್ಲಾ ಹೊರಡೋದು? ಪಾವಗಡ. ಅಲ್ಲಿ ನಾವು ಆಗ್ಲೇ ಇದೀವಿ, ಅದು ಕಾಣೋ ಕಣ್ಣು. ಎಲ್ಲಿಗ್ ಹೋಗ್ಬೇಕು? ಮಧುಗ್ರಿ. ಅದು ಕಲಿಯೋ ಕಣ್ಣು. ಪಾವಗಡ ಮುಚ್ಚು, ಮಧುಗ್ರಿ ತೆಗಿ. ಮುಗೀತು."

"ಮಧುಗ್ರಿ ಮುಟ್ತೀವೇನಣ್ಣಾ?"

"ಯಾವತ್ತಾನ ಮುಟ್ಸದೇ ಇದ್ದೀನೇನ್ಲಾ ನಿನ್ನ? ಲೇಟಾಗಿರ್ಬೈದು, ಅಷ್ಟೇಯ."

ಹಾಗೆ ಬಲಗಣ್ಣು ಪಾವಗಡ ಆಯಿತು, ಎಡಗಣ್ಣು ಮಧುಗಿರಿ ಆಯಿತು. ಅತಿಯಾ ಸಿಸ್ಟರ್‌ಗೂ ಹೇಳಿದರು. ಅವರು ನಕ್ಕು, "ಶಿರಾನ ಬಿಟ್ಬಿಟ್ರಲ್ಲ ಅಣ್ಣಾ" ಅಂದರಂತೆ. ಆಮೇಲೆ ಅವರೂ ಫೋನಿನಲ್ಲಿ ಹಾಗೇ ಕೇಳುತ್ತಿದ್ದರು. ಪಟ್ಟಿ ಹಾಕುವುದೂ ಹೆಸರಿಟ್ಟಷ್ಟೇ ಸಲೀಸು ಅಂದುಕೊಂಡಿರಾ? ಪಾವಗಡ ಕಣ್ಣಿಗೆ ಮೊದಲ ಸಲ ಪಟ್ಟಿ ಅಂಟಿಸಿದ ಕ್ಷಣ ಹರ್ಷಿತಾ ಕಿರುಚಿದ ಕಿರುಚಾಟಕ್ಕೆ ಬೀದಿಯ ಜನ ಬಾಗಿಲಿಗೆ ಬಂದರು. ಅವಳ ಪ್ರಪಂಚವೇ ಮಸುಕಾಗಿತ್ತು. ಪಟ್ಟಿ ಕೀಳಲು ನೋಡುತ್ತಿದ್ದಳು, ಮುಖ ನೆಲಕ್ಕೆ ಉಜ್ಜುತ್ತಿದ್ದಳು. ಕೈಗೆ ಕಾಲುಚೀಲ ಹಾಕಿದರು. ಕಾಣುವ ಮಗುವಿನ ಕಣ್ಣಿಗೆ ಬಟ್ಟೆ ಕಟ್ಟುವ ತಾಯಿಯನ್ನು ನೋಡಿದ್ದೀರಾ ಅಂತ ಬೀದಿಯಲ್ಲಿ ಮಾತಾಯಿತು. "ಅಯ್ಯೋ ಪಾಪ, ತೆಗ್ದಾಕೇ" ಅಂತ ಅಜ್ಜಿಯೇ ಒಂದೆರಡು ಸಲ ಕೈ ಚಾಚಿದರು, ಆಮೇಲೆ ತಾವೇ ಕೈ ಹಿಂದಕ್ಕೆ ತೆಗೆದುಕೊಂಡು ಹಿತ್ತಲಿಗೆ ಹೋದರು.

ವೇದಾವತಕ್ಕ ಮಗಳ ಅಳುಗಳನ್ನೆಲ್ಲ ಬಲ್ಲವರು. "ಇದು ಹಸಿವಿನ್ ಅಳು ಅಲ್ಲ, ನೋವಿನ್ ಅಳೂ ಅಲ್ಲ ರೀ" ಅಂದರು. "ಇದು ಹುಡುಕೋ ಅಳು. ಅವ್ಳಿಗೆ ನಾವ್ ಎಲ್ಲಿದೀವಿ ಅಂತ ಗೊತ್ತಾಗ್ತಾ ಇಲ್ಲ."

ಹುಡುಕುತ್ತಿದ್ದಾಳೆ ಅಂದರೆ ಇಲ್ಲಿದ್ದೇವೆ ಅಂತ ಹೇಳಬೇಕಲ್ಲ? ಭೀಮರಾಜಣ್ಣ ಮಾಲೀಕರ ಹತ್ತಿರ ಹೋಗಿ ಮಾತಾಡಿಕೊಂಡು ಬೆಳಗಿನ ಟ್ರಿಪ್ಪು ಮಾತ್ರ ಇಟ್ಟುಕೊಂಡರು. ಮಧ್ಯಾಹ್ನ ಪೂರ್ತಿ ಪಟ್ಟಿಯ ಹೊತ್ತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಶುರು ಮಾಡುತ್ತಿದ್ದರು. "ಪಾವಗಡ ಬಿಡ್ತಾ ಐತೇ... ಯಾರವ್ವಾ ಅದು ಅಳ್ತಾ ಇರೋರು? ಅಳೋರು ಹಿಂದಿನ್ ಸೀಟಿಗೆ ಹೋಗ್ಬೇಕು... ಮಿಡಿಗೇಶೀ..." ಅಮ್ಮ ಕೆಂಪು ಬಟ್ಟೆ ಅಲ್ಲಾಡಿಸುವುದು, ಸ್ಟೀಲ್ ಲೋಟ ಹೊಳೆಯಿಸುವುದು, ಅಪ್ಪ ಕೂಗುವುದು. ಅಳು ಪೂರ್ತಿ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ಆ ಮನೆಯ ಮುಂದೆ ಹೋಗುವ ಹೊಸಬರು ಇಲ್ಲೆಲ್ಲೋ ಬಸ್ಸು ನಿಲ್ಲುತ್ತದೆ ಅಂತ ನಿಂತು ನೋಡಿದ್ದೂ ಉಂಟು, ಸುಳ್ಳಲ್ಲ.

ಬಸ್ಸಿನಲ್ಲಿ ನಮಗೆಲ್ಲ ಆಗಲೇ ಗೊತ್ತಾಗಿತ್ತು. ಹತ್ತಿದವರು ಟಿಕೆಟ್ಟಿಗಿಂತ ಮುಂಚೆ, "ಮಧುಗ್ರಿ ಕಣ್ಣು ಹೆಂಗೈತಣ್ಣಾ?" ಅಂತ ಕೇಳುತ್ತಿದ್ದರು. "ಇನ್ನೂ ದಾರೀಲಿ ಐತೆ" ಅನ್ನುತ್ತಿದ್ದರು.

ಕೂಸು ಅಂಬೆಗಾಲಿಡುವ ಹೊತ್ತಿಗೆ ಪಟ್ಟಿ ಹಾಕಿದ್ದಾಗಲೂ ಅಪ್ಪ ಇದ್ದ ಕಡೆ ಬರತೊಡಗಿದಳು. ಭೀಮರಾಜಣ್ಣ ಕುಣಿದಾಡಿಬಿಟ್ಟರು. "ಕಾಣ್ತಾ ಐತೆ! ಮಧುಗ್ರಿ ಕಣ್ಣು ಕಾಣ್ತಾ ಐತೆ!" ಅಂತ. ವೇದಾವತಕ್ಕ ಮಾತ್ರ ನಗಲಿಲ್ಲ. ಒಂದೆರಡು ದಿನ ಸುಮ್ಮನೆ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ಹೇಳಿದರು.

"ರೀ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ಅವ್ಳು ನಿಮ್ಮುನ್ನ ನೋಡ್ಕಂಡ್ ಬತ್ತಾವ್ಳೋ, ನಿಮ್ ದನಿ ಹಿಡ್ಕಂಡ್ ಬತ್ತಾವ್ಳೋ?"

ಭೀಮರಾಜಣ್ಣನ ಮುಖ ಇಳಿಯಿತು.

"ಇವತ್ತು ನೀವ್ ಬಾಯ್ ಮುಚ್ಕಂಡ್ ಕೂತ್ಕಳಿ. ಉಸ್ರೂ ಜೋರಾಗ್ ಬುಡಂಗಿಲ್ಲ. ಜಾಗಾನೂ ಬದ್ಲಾಯ್ಸಿ."

ಬಾಯಿ ಮುಚ್ಚಿಕೊಂಡು ಕೂರುವುದು! ಅವರ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ ಅಂತಾರೆ. ಯಾವಾಗಲೂ ಕೂರುವ ಚಾಪೆ ಬಿಟ್ಟು, ಹಿತ್ತಲ ಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತರು. ಅಜ್ಜಿ ಟೀವಿ ಆರಿಸಿದರು. ವೇದಾವತಕ್ಕ ಪಾವಗಡ ಕಣ್ಣಿಗೆ ಪಟ್ಟಿ ಅಂಟಿಸಿ, ಕನ್ನಡಕ ಸರಿ ಮಾಡಿ, ಮಗಳನ್ನು ನಡುಮನೆಯಲ್ಲಿ ಬಿಟ್ಟು ತಾವೂ ಹಿಂದೆ ಸರಿದರು.

ಮನೆ ಸದ್ದಿಲ್ಲದೆ ನಿಂತಿತು. ಹರ್ಷಿತಾ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಚಾಪೆಯ ಕಡೆ ತಿರುಗಿದಳು. ಅಲ್ಲಿ ಯಾರೂ ಇಲ್ಲ. ತುಟಿ ನಡುಗಿತು, ಆ ಹುಡುಕುವ ಅಳು ಶುರುವಾಯಿತು. ಭೀಮರಾಜಣ್ಣನ ಬಾಯಿ ತಾನಾಗಿಯೇ ತೆರೆಯಿತು. ವೇದಾವತಕ್ಕ ಅಲ್ಲಿಂದಲೇ ಕೈ ಎತ್ತಿ ತಡೆದರು. ಅವರು ತಮ್ಮ ಬಾಯಿಗೆ ತಾವೇ ಅಂಗೈ ಒತ್ತಿಕೊಂಡರು. ಒಂದು ಕೂಗು ಕೂಗಿದರೆ ಮಗಳು ಅಂಬೆಗಾಲಲ್ಲಿ ಬಂದು ಎದೆಗೆ ಬೀಳುತ್ತಾಳೆ. ಕೂಗದಿದ್ದರೆ ಬರುತ್ತಾಳೋ ಇಲ್ಲವೋ. ಬರದಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ಏನು ಅನ್ನುವುದೂ ಅಲ್ಲೇ ಗೊತ್ತಾಗಿಬಿಡುತ್ತದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಸದ್ದಾದೀತು ಅಂತ ಹಾಗೇ ಬಿಟ್ಟರು.

ಹರ್ಷಿತಾ ಅಳುತ್ತಲೇ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ದಪ್ಪ ಗಾಜಿನ ಹಿಂದೆ ಆ ಒಂದು ಕಣ್ಣು ಗೋಡೆ ದಾಟಿತು, ಬಾಗಿಲು ದಾಟಿತು, ಅಪ್ಪನನ್ನೂ ದಾಟಿ ಹೋಯಿತು. ಅಜ್ಜಿ ನಿಟ್ಟುಸಿರು ಬಿಡಲು ಹೋಗಿ ನುಂಗಿಕೊಂಡರು. ಆಮೇಲೆ ಆ ಕಣ್ಣು ವಾಪಸ್ಸು ಬಂತು. ಅಪ್ಪನ ಮೇಲೆ ನಿಂತಿತು. ಅಳು ನಡುವಿನಲ್ಲೇ ನಿಂತುಹೋಯಿತು. ತಲೆ ಒಂದು ಪಕ್ಕಕ್ಕೆ ವಾಲಿಸಿ, ದೂರದ ಊರಿನ ಬೋರ್ಡು ಓದುವವರ ಹಾಗೆ ನೋಡಿದಳಂತೆ. ನೋಡಿ, ನೆಲಕ್ಕೆ ಕೈಯೂರಿ, ದಾರಿಯಲ್ಲಿದ್ದ ಚೊಂಬನ್ನು ಬಳಸಿಕೊಂಡು, ಮತ್ತೆ ಹೇಳುತ್ತೇನೆ, ಚೊಂಬಿಗೆ ತಗಲದೆ ಬಳಸಿಕೊಂಡು, ನೇರವಾಗಿ ಬಂದು ಅಪ್ಪನ ಮೀಸೆ ಹಿಡಿದುಕೊಂಡಳು.

"ಈಗ್ ಮಾತಾಡ್ರಿ" ಅಂದರು ವೇದಾವತಕ್ಕ. ಅವರು ಮಗಳನ್ನು ಎದೆಗೆ ಅವುಚಿಕೊಂಡರು.

ಮಾತು ಬಂದಿದ್ದು ಅಜ್ಜಿಗೆ. "ಚೊಂಬು ನೋಡುದ್ಲು ಕಣ್ಲಾ! ನಾನೇ ದಿನಾ ಎಡವ್ತೀನಿ ಆ ಚೊಂಬಿಗೆ!"

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣು ಕಲಿಯುತ್ತಿದೆ, ನಿಲ್ಲಿಸಬೇಡಿ ಅಂದರು. ಇನ್ನೊಂದು ಕಣ್ಣಿನಷ್ಟು ಆಗುತ್ತದೆ ಅಂತ ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಪಟ್ಟಿ ಈಗಲೂ ಇದೆ, ಇನ್ನೂ ಕೆಲವು ವರ್ಷ ಇರುತ್ತದಂತೆ. ಒಂದೊಂದು ದಿನ ಈಗಲೂ ರಂಪ ಮಾಡುತ್ತಾಳೆ. ಆದರೆ ಆ ಕಣ್ಣಿನಲ್ಲೇ ಇರುವೆ ಸಾಲು ನೋಡುತ್ತಾಳೆ, ಅಜ್ಜಿಯ ಎಲೆಅಡಿಕೆ ಚೀಲ ಎಲ್ಲಿದೆ ಅಂತ ಹುಡುಕಿ ಖಾಲಿ ಮಾಡುತ್ತಾಳೆ, ಬೈರಪ್ಪನವರು ಬಂದರೆ ಬಾಗಿಲಲ್ಲೇ ಗುರುತು ಹಿಡಿದು "ಬೈಯಪ್ಪಾ" ಅಂತಾಳೆ.

ನೀವು ಪಾವಗಡದ ಕಡೆ ಹೋದರೆ ಸುಮ್ಮನೆ ಬರಬೇಡಿ, ಅವರ ಮನೆಗೆ ಹೋಗಿ. ಮಧ್ಯಾಹ್ನ ಹೋಗಿ, ಭೀಮರಾಜಣ್ಣ ಮನೆಯಲ್ಲೇ ಇರುತ್ತಾರೆ. ಬೆಟ್ಟದ ಬುಡದ ಬೀದಿಯಲ್ಲಿ ಕಂಡಕ್ಟರ್ ಮನೆ ಅಂದರೆ ಚಿಕ್ಕ ಮಕ್ಕಳೂ ತೋರಿಸುತ್ತಾರೆ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥ ಕೂಸಿದ್ದರಂತೂ ಖಂಡಿತ ಹೋಗಿ. ವೇದಾವತಕ್ಕ ತಮ್ಮಿಂದ ಆದ ತಪ್ಪನ್ನು ಮುಚ್ಚಿಡದೆ ಹೇಳಿ, ಪಟ್ಟಿ ಯಾವ ಕಣ್ಣಿಗೆ, ಹೇಗೆ ಅಂತ ನಿಮ್ಮ ಕೈಯಲ್ಲೇ ಹಾಕಿಸಿ ತೋರಿಸುತ್ತಾರೆ. ಈಗಾಗಲೇ ಎಷ್ಟೋ ಜನ ಬಂದು ಹೋಗಿದ್ದಾರೆ. ಹರ್ಷಿತಾ ಮೊದಲು ನಿಮ್ಮನ್ನು ತಲೆ ವಾಲಿಸಿಕೊಂಡು ನೋಡುತ್ತಾಳೆ. ಅವಳು ನೋಡಿ ಮುಗಿಸುವವರೆಗೆ ಮಾತಾಡಿಸಬೇಡಿ, ಸುಮ್ಮನೆ ನಿಂತಿರಿ. ಆಮೇಲೆ ತಾನಾಗಿಯೇ ಬರುತ್ತಾಳೆ. ಹೋಗಿ ಬನ್ನಿ.